ಮಂಗಳೂರಿನ ನೀರಿಗೆ ಕಾಡಿನಲ್ಲಿ ಕಾವಲು: ಸಂಬಳ ಕೊಡಬೇಕಾದವರು ಯಾರು?

2024ರ ನವೆಂಬರ್‌ನಲ್ಲಿ ಅರಣ್ಯ ಸಚಿವ ಈಶ್ವರ ಖಂಡ್ರೆ ಅಧಿಕಾರಿಗಳಿಗೆ ಒಂದು ಪ್ರಸ್ತಾವ ತಯಾರು ಮಾಡಲು ಹೇಳಿದರು. ಪಶ್ಚಿಮ ಘಟ್ಟದಲ್ಲಿ ಹುಟ್ಟುವ ನದಿಗಳ ನೀರು ಕುಡಿಯುವ ಊರುಗಳಲ್ಲಿ, ನೀರಿನ ಬಿಲ್ಲಿನ ಜೊತೆ ತಿಂಗಳಿಗೆ 2 ಅಥವಾ 3 ರೂಪಾಯಿ ಹಸಿರು ಸೆಸ್ ಹಾಕುವುದು. ಆ ಹಣವನ್ನು ಘಟ್ಟದ ರಕ್ಷಣೆಗೆ ಎತ್ತಿಡುವುದು. ಸುದ್ದಿ ಹೊರಬಿದ್ದದ್ದೇ ತಡ, ವಿರೋಧ ಶುರುವಾಯಿತು. ನೀರಿಗೂ ತೆರಿಗೆಯೇ ಎಂದು ಕೇಳಿದರು. ಗ್ಯಾರಂಟಿಗೆ ದುಡ್ಡು ಸಾಲದೆ ಇದನ್ನು ಹುಡುಕಿದ್ದಾರೆ ಅಂದರು. ರಾಜಕೀಯದಲ್ಲಿ ಇದೆಲ್ಲ ಮಾಮೂಲಿ. ಆದರೆ ಆ ಗದ್ದಲದಲ್ಲಿ ಕೇಳಲೇಬೇಕಾದ ಒಂದು ಪ್ರಶ್ನೆ ಹಿಂದೆ ಉಳಿಯಿತು. ಘಟ್ಟದ ರಕ್ಷಣೆ ಅಂತೀರಲ್ಲ, ಅದನ್ನು ಈಗ ಮಾಡುತ್ತಿರುವವರು ಯಾರು? ಅವರ ಕೈಗೆ ಎಷ್ಟು ಬರುತ್ತದೆ?

ಮಂಗಳೂರಿನವರಿಗೆ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಥಟ್ಟನೆ ಬರುವ ಉತ್ತರ ತುಂಬೆ. ಬಂಟ್ವಾಳ ತಾಲೂಕಿನ ತುಂಬೆಯಲ್ಲಿ ನೇತ್ರಾವತಿಗೆ ಕಟ್ಟಿರುವ ಕಿಂಡಿ ಅಣೆಕಟ್ಟಿನಿಂದ ನಗರಕ್ಕೆ ದಿನಕ್ಕೆ ಸುಮಾರು 16 ಕೋಟಿ ಲೀಟರ್ ನೀರು ಪಂಪ್ ಆಗುತ್ತದೆ. ಪಾಲಿಕೆಯ ಲೆಕ್ಕ, ಪತ್ರಿಕೆಗಳ ಸುದ್ದಿ, ಜನರ ಆತಂಕ ಎಲ್ಲ ಈ ಅಣೆಕಟ್ಟಿನ ಸುತ್ತ. ಮಾರ್ಚ್ ಬಂದರೆ ಸಾಕು, ತುಂಬೆಯಲ್ಲಿ ಇವತ್ತು ಎಷ್ಟು ಮೀಟರ್ ನೀರಿದೆ ಎಂಬುದು ಪೇಪರಿನ ಸುದ್ದಿ. ಕೊರತೆಯಾದರೆ ಮೇಲಿನ ಶಂಭೂರಿನ ಎಎಂಆರ್ ಅಣೆಕಟ್ಟಿನಿಂದ ನೀರು ಬಿಡಿಸಿಕೊಳ್ಳುವ ಮಾತು. ಅದರಾಚೆಗೆ ನಗರದ ಗಮನ ಹೋಗುವುದಿಲ್ಲ. ಶಂಭೂರಿನ ಮೇಲೆ ನದಿ ಇದೆ ಎಂಬುದೇ ಮರೆತುಹೋದ ಹಾಗೆ.

ನದಿ ಇದೆ, ಮತ್ತು ಅದು ಬಹಳ ದೊಡ್ಡ ಸಂಸಾರ. ನೇತ್ರಾವತಿ ಹುಟ್ಟುವುದು ಕುದುರೆಮುಖ ಶ್ರೇಣಿಯಲ್ಲಿ, ಎಳನೀರು ಘಾಟಿಯ ಬಂಗ್ರಬಳಿಗೆ ಕಣಿವೆಯಲ್ಲಿ. ಕೆಳಗಿಳಿಯುತ್ತಾ ಚಾರ್ಮಾಡಿ ಕಡೆಯಿಂದ ಮೃತ್ಯುಂಜಯ ಹೊಳೆ ಸೇರುತ್ತದೆ. ನೆರಿಯ ಹೊಳೆ, ಶಿಶಿಲದ ಕಪಿಲಾ ಕೂಡಿಕೊಳ್ಳುತ್ತವೆ. ಉಪ್ಪಿನಂಗಡಿಯಲ್ಲಿ ಕುಮಾರಧಾರಾ ಬಂದು ಸೇರುವಾಗ ಅದರ ಜೊತೆ ಪುಷ್ಪಗಿರಿಯ ನೀರೂ ಇರುತ್ತದೆ, ಸಕಲೇಶಪುರದ ಕೆಂಪುಹೊಳೆ ಗುಂಡ್ಯದ ಮೂಲಕ ತಂದ ನೀರೂ ಇರುತ್ತದೆ. ಅಂದರೆ ಬಂದರಿನ ಹತ್ತಿರದ ಮನೆಯೊಂದರ ನಲ್ಲಿಯಲ್ಲಿ ದಕ್ಷಿಣ ಕನ್ನಡ, ಚಿಕ್ಕಮಗಳೂರು, ಹಾಸನ, ಕೊಡಗು ಈ ನಾಲ್ಕೂ ಜಿಲ್ಲೆಗಳ ಕಾಡಿನ ನೀರು ಬೆರೆತು ಬರುತ್ತದೆ. ಆ ಕಾಡು ಹಲವು ಅರಣ್ಯ ವಿಭಾಗಗಳಿಗೆ ಹಂಚಿಹೋಗಿದೆ. ಇದಿಷ್ಟೂ ಮಂಗಳೂರಿನ ನೀರಿನ ಕಾಡು ಎಂದು ಒಟ್ಟಾಗಿ ನೋಡುವ ಒಂದು ಕಚೇರಿ ಎಲ್ಲೂ ಇಲ್ಲ.

ಕರಾವಳಿಗೆ ನೀರಿನ ಕೊರತೆ ಅಂದರೆ ಹೊರಗಿನವರು ನಗುತ್ತಾರೆ. ನಗುವುದೂ ಸರಿಯೇ. ಮಂಗಳೂರಿನಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಆಗುಂಬೆಯಲ್ಲಿ ಅದರ ಸುಮಾರು ಎರಡು ಪಾಲು. ಆದರೆ ಬಹುಪಾಲು ಮಳೆ ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಘಟ್ಟದಿಂದ ಸಮುದ್ರಕ್ಕೆ ದೂರ ಕಡಿಮೆ, ಇಳಿಜಾರು ಜಾಸ್ತಿ. ಬಿದ್ದ ನೀರು ಓಡಿಹೋಗುತ್ತದೆ. ತುಂಬೆಯಂಥ ಕಿಂಡಿ ಅಣೆಕಟ್ಟಿನಲ್ಲಿ ಹಿಡಿದಿಡುವುದು ಕೆಲವೇ ಮೀಟರ್ ಎತ್ತರದ ನೀರು. ಅದು ಬೇಸಿಗೆಯಿಡೀ ಸಾಕಾಗುವುದಿಲ್ಲ. ಮೇಲಿನಿಂದ ದಿನವೂ ಅಷ್ಟಿಷ್ಟು ಬರುತ್ತಲೇ ಇರಬೇಕು. 2019ರ ಬೇಸಿಗೆಯಲ್ಲಿ ಅದು ಬರುವುದು ನಿಂತಾಗ ಮಂಗಳೂರಿನಲ್ಲಿ ನೀರಿಗೆ ರೇಷನಿಂಗ್ ಬಂತು. 2023ರಲ್ಲೂ ಅದೇ ಕಥೆ. ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ಪತ್ತನಾಜೆ ಕಳೆದು, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೂ ಮಳೆ ತಡವಾದರೆ ನಗರದ ಎದೆ ಡವಗುಟ್ಟುತ್ತದೆ.

ಹಾಗಾದರೆ ಫೆಬ್ರವರಿಯಿಂದ ಮೇ ತನಕ ನದಿಯಲ್ಲಿ ಹರಿಯುವ ನೀರು ಯಾವುದು? ಮಳೆಯಂತೂ ಇಲ್ಲ. ಅದು ಮಳೆಗಾಲದಲ್ಲಿ ಮಣ್ಣಿನೊಳಗೆ ಇಳಿದು, ತಿಂಗಳುಗಟ್ಟಲೆ ಒಳಗೇ ಸಾಗಿ, ಒರತೆಗಳಲ್ಲಿ ಹೊರಬರುವ ನೀರು. ಎಷ್ಟು ಇಳಿಯುತ್ತದೆ ಎನ್ನುವುದು ಮಣ್ಣಿನ ಮೇಲೆ ಏನಿದೆ ಎಂಬುದನ್ನು ನಂಬಿಕೊಂಡಿದೆ. ಒಂದು ಮಾತು ಇಲ್ಲಿ ಹೇಳಲೇಬೇಕು. ಮರ ಇದ್ದರೆ ನೀರು ಎಂಬ ಸುಲಭದ ಮಾತು ಪೂರ್ತಿ ನಿಜವಲ್ಲ. ಮರವೂ ನೀರು ಕುಡಿಯುತ್ತದೆ, ಅದೂ ಸಾಕಷ್ಟು. ಪ್ರಶ್ನೆ ಇರುವುದು ಕುಡಿಯುವುದಕ್ಕಿಂತ ಹೆಚ್ಚು ನೀರನ್ನು ಆ ಕಾಡು ನೆಲಕ್ಕೆ ಇಳಿಸುತ್ತದೆಯೇ ಎಂಬುದರಲ್ಲಿ. ಉತ್ತರ ಕನ್ನಡದ ಹೊಳೆಗಳ ಮೇಲೆ ವಿಜ್ಞಾನಿಗಳು ವರ್ಷಗಟ್ಟಲೆ ಅಳತೆ ಮಾಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ನೋಡಿತ್ತು. ಹೆಚ್ಚು ಹಾಳಾಗದ ಕಾಡು, ಬೋಳಾದ ಗುಡ್ಡ, ಅಕೇಶಿಯಾ ನೆಡುತೋಪು ಈ ಮೂರನ್ನೂ ಹೋಲಿಸಿದಾಗ ನೆಲಕ್ಕೆ ಹೆಚ್ಚು ನೀರು ಇಳಿಸಿದ್ದು ಹಾಳಾಗದ ಕಾಡು. ಎಲ್ಲೋ ಖಾಲಿ ಜಾಗದಲ್ಲಿ ಅಕೇಶಿಯಾ ನೆಟ್ಟು ಹಸಿರಾಯಿತು ಎಂದು ಫೋಟೊ ತೆಗೆದುಕೊಂಡರೆ ನದಿಗೆ ಹಾಳಾಗದ ಕಾಡು ಕೊಡುವಷ್ಟು ಸಿಗುವುದಿಲ್ಲ. ಇರುವ ಕಾಡನ್ನು ಇರುವಂತೆಯೇ ಉಳಿಸಿಕೊಳ್ಳಬೇಕು. ನೆಡುವುದಕ್ಕೆ ಯೋಜನೆ ಇದೆ, ಉದ್ಘಾಟನೆ ಇದೆ. ಉಳಿಸುವುದಕ್ಕೆ ನಡೆದಾಡುವ ಮನುಷ್ಯ ಬೇಕು.

ಆ ಮನುಷ್ಯ ಯಾರು ನೋಡೋಣ. ನಮ್ಮಲ್ಲಿ ರೇಂಜರ್ ಎಂದರೆ ಆರ್‌ಎಫ್‌ಒ, ಅಂದರೆ ವಲಯ ಅರಣ್ಯಾಧಿಕಾರಿ. ಜೀಪು, ಕಚೇರಿ, ಕೋರ್ಟು, ಮೀಟಿಂಗು ಎಲ್ಲ ಅವರ ತಲೆಗೆ. ಅವರ ಕೆಳಗೆ ಡಿಆರ್‌ಎಫ್‌ಒ, ಅಂದರೆ ಉಪ ವಲಯ ಅರಣ್ಯಾಧಿಕಾರಿ. ಅವರ ಕೆಳಗೆ ಗಾರ್ಡ್. ಗಾರ್ಡ್‌ಗೆ ಒಂದು ಬೀಟ್ ಇರುತ್ತದೆ, ಆ ಬೀಟಿನ ಕಾಡೆಲ್ಲ ಅವರ ಜವಾಬ್ದಾರಿ. ಗಾರ್ಡ್‌ನ ಜೊತೆಗೆ ವಾಚರ್. ವಾಚರುಗಳಲ್ಲಿ ಕಾಯಂ ಆದವರು ಇದ್ದಾರೆ, ದಿನಗೂಲಿಯವರು ಇದ್ದಾರೆ, ಹೊರಗುತ್ತಿಗೆಯವರು ಇದ್ದಾರೆ, ಬೇಸಿಗೆಗೆ ಮಾತ್ರ ಬೆಂಕಿ ಕಾಯಲು ತೆಗೆದುಕೊಳ್ಳುವವರೂ ಇದ್ದಾರೆ. ಮೇಲಿನಿಂದ ಕೆಳಕ್ಕೆ ಬಂದಂತೆ ನಡಿಗೆ ಜಾಸ್ತಿ, ಸಂಬಳ ಕಮ್ಮಿ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಕರಾವಳಿಯ ಹುಡುಗರು ಗಾರ್ಡ್ ಕೆಲಸಕ್ಕೆ ಬರುವುದು ಕಡಿಮೆ. ಪೊಲೀಸ್ ಇಲಾಖೆಯ ಹಾಗೆ ಇಲ್ಲೂ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯವರು ಬಹಳ ಜನ. ಟ್ಯಾಂಕರಿಗೆ ಕಾದು ಬೆಳೆದ ಬಯಲುಸೀಮೆಯ ಹುಡುಗ ಇಲ್ಲಿ ಮಂಗಳೂರಿನ ನೀರು ಹುಟ್ಟುವ ಕಾಡು ಕಾಯುತ್ತಾನೆ. ಮೊದಲ ಮಳೆಗಾಲದಲ್ಲಿ ಅವನಿಗೆ ಇಂಬಳ (ಕಾಡಿನ ಜಿಗಣೆ) ಅಂದರೇನು ಎಂದು ಚೆನ್ನಾಗಿ ಗೊತ್ತಾಗುತ್ತದೆ. ತುಳು ಬರುವುದಿಲ್ಲ. 'ಏನ್ರಿ' ಎಂದು ಅವನು ಶುರುಮಾಡಿದರೆ 'ಎಂತ ಮಾರಾಯ್ರೆ' ಎಂದು ಇವರು ಉತ್ತರ ಕೊಡುತ್ತಾರೆ, ಮಾತು ಹೇಗೋ ಸಾಗುತ್ತದೆ. ಆದರೆ ಯಾವ ತೋಡು (ಸಣ್ಣ ಹಳ್ಳ) ಏಪ್ರಿಲ್‌ನಲ್ಲೂ ಬತ್ತುವುದಿಲ್ಲ, ಆನೆ ಯಾವ ಓಣಿಯಲ್ಲಿ ಇಳಿಯುತ್ತದೆ, ಯಾವ ಗುಡ್ಡದ ಮುಳಿಹುಲ್ಲಿಗೆ ಯಾರು ಬೆಂಕಿ ಹಾಕುತ್ತಾರೆ, ಇದೆಲ್ಲ ಗೊತ್ತಿರುವುದು ವಾಚರ್‌ಗೆ. ಅವರು ಸ್ಥಳೀಯರು, ಅವರಲ್ಲಿ ಮಲೆಕುಡಿಯ ಸಮುದಾಯದವರೂ ಇದ್ದಾರೆ. ಗಾರ್ಡ್ ವರ್ಗಾವಣೆಯಾಗಿ ಊರ ಕಡೆ ಹೋಗುತ್ತಾನೆ. ವಾಚರ್ ಅಲ್ಲೇ ಇರುತ್ತಾರೆ. ಕಾಡಿನ ತಿಳಿವಳಿಕೆ ಪೂರ್ತಿ ಇರುವುದು ಇಲಾಖೆಯಲ್ಲಿ ಅತಿ ಕಡಿಮೆ ಭದ್ರತೆ ಇರುವವರ ತಲೆಯಲ್ಲಿ. ನನಗೆ ಇದು ಇಡೀ ವ್ಯವಸ್ಥೆಯ ದೊಡ್ಡ ದೌರ್ಬಲ್ಯವಾಗಿ ಕಾಣುತ್ತದೆ.

ಅವರ ಕೆಲಸದಲ್ಲಿ ನೀರಿಗೆ ನೇರವಾಗಿ ತಗಲುವುದು ಬೆಂಕಿ. ಕುದುರೆಮುಖ, ಚಾರ್ಮಾಡಿ, ಪುಷ್ಪಗಿರಿಯ ಎತ್ತರದಲ್ಲಿ ಹುಲ್ಲುಗಾವಲು, ನಡುನಡುವೆ ಕಣಿವೆಯ ಮಡಿಲಲ್ಲಿ ಶೋಲಾ ಕಾಡು. ಡಿಸೆಂಬರ್ ಕಳೆದರೆ ಹುಲ್ಲು ಒಣಗುತ್ತದೆ. ಬೆಂಕಿ ತಾನಾಗಿ ಹತ್ತುವುದು ಅಪರೂಪ. ಹೊಸ ಹುಲ್ಲು ಚಿಗುರಲಿ ಎಂದು ಹಾಕುವವರಿದ್ದಾರೆ. ಬೇಟೆಗೆ ಹಾಕುವವರಿದ್ದಾರೆ. ರಸ್ತೆ ಬದಿ ಬೀಡಿ ಎಸೆದು ಹೋಗುವವರಿದ್ದಾರೆ. ಇಲಾಖೆಯ ಮೇಲಿನ ಸಿಟ್ಟಿಗೆ ಕಡ್ಡಿ ಗೀರುವುದೂ ಉಂಟು. ಹುಲ್ಲು ಸುಟ್ಟರೆ ಮಳೆ ಬಿದ್ದ ಮೇಲೆ ಮತ್ತೆ ಬರುತ್ತದೆ, ಆದ್ದರಿಂದ ಪ್ರತಿ ಬೆಂಕಿಯೂ ಪ್ರಳಯ ಎಂದು ಬರೆಯುವುದು ಅತಿಯಾಯಿತು. ಹಾನಿ ಆಗುವುದು ಅಂಚಿನಲ್ಲಿ. ಪ್ರತಿ ಸಲ ಬೆಂಕಿ ಶೋಲಾದ ಅಂಚನ್ನು ಸ್ವಲ್ಪ ಒಳಕ್ಕೆ ತಿನ್ನುತ್ತದೆ. ಅಲ್ಲಿನ ಸಣ್ಣ ಗಿಡಗಳು ಸತ್ತರೆ ಆ ಜಾಗ ಮತ್ತೆ ಕಾಡಾಗಲು ದಶಕಗಳು ಬೇಕು. ತರಗೆಲೆ ಸುಟ್ಟು ಬೋಳಾದ ನೆಲಕ್ಕೆ ಜೂನ್‌ನ ಮೊದಲ ಜೋರು ಮಳೆ ಹೊಡೆದರೆ ನೀರು ಒಳಗಿಳಿಯುವುದಿಲ್ಲ. ಮಣ್ಣನ್ನೂ ಬೂದಿಯನ್ನೂ ಹೊತ್ತು ಹೊಳೆಗೆ ಓಡುತ್ತದೆ. ಆ ಮಣ್ಣು ಕೊನೆಗೆ ಕೆಳಗಿನ ಅಣೆಕಟ್ಟುಗಳಲ್ಲಿ ಹೂಳಾಗಿ ಕೂರುತ್ತದೆ. ಹೂಳೆತ್ತಲು ಟೆಂಡರ್ ಕರೆಯುತ್ತಾರೆ. ಅದಕ್ಕೆ ಮಾತ್ರ ದುಡ್ಡು ಇರುತ್ತದೆ.

ಬೆಂಕಿಗೆ ಮುಂಚಿನ ಕೆಲಸ ಫೈರ್‌ಲೈನ್. ಒಣಹುಲ್ಲನ್ನು ಪಟ್ಟಿಯ ಹಾಗೆ ಸವರಿ, ಹತೋಟಿಯಲ್ಲಿ ಸುಟ್ಟು, ಬೆಂಕಿ ದಾಟದಂತೆ ಜಾಗ ಬಿಡಿಸುವುದು. ಡಿಸೆಂಬರ್, ಜನವರಿಯಲ್ಲೇ ಮುಗಿಯಬೇಕು. ಕೂಲಿ ಹಣ ಸಮಯಕ್ಕೆ ಬರದಿದ್ದರೆ ಮುಗಿಯುವುದಿಲ್ಲ. ಬೆಂಕಿ ಬಿದ್ದ ಮೇಲೆ ಉಪಗ್ರಹದ ಎಚ್ಚರಿಕೆ ಈಗ ಮೊಬೈಲಿಗೇ ಬರುತ್ತದೆ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಇದನ್ನು ಕಳಿಸುತ್ತದೆ. ಒಳ್ಳೆಯ ವ್ಯವಸ್ಥೆ. ಆದರೆ ಕಣಿವೆಯೊಳಗೆ ಸಿಗ್ನಲ್ ಇರಬೇಕು. ಸಿಗ್ನಲ್ ಸಿಕ್ಕಿ ಮೆಸೇಜ್ ಓದಿದರೂ, ಆ ಚುಕ್ಕೆಯ ಹತ್ತಿರ ಹೋಗಲು ಗಂಟೆಗಟ್ಟಲೆ ಗುಡ್ಡ ಹತ್ತಬೇಕು. ಹೋಗಿ ಮಾಡುವುದೇನು? ಕೆಲವು ಕಡೆ ಗಾಳಿ ಊದುವ ಬ್ಲೋವರ್ ಯಂತ್ರ ಇದೆ. ಇಲ್ಲದ ಕಡೆ ಹಸಿ ಸೊಪ್ಪಿನ ಕೊಂಬೆ ಮುರಿದುಕೊಂಡು ಬಡಿಯುವುದು. ಗಾಳಿ ತಿರುಗಿದರೆ ಓಡುವುದಕ್ಕೂ ಜಾಗ ಇರುವುದಿಲ್ಲ.

2023ರ ಫೆಬ್ರವರಿಯಲ್ಲಿ ಆದದ್ದೂ ಅದೇ. ಸಕಲೇಶಪುರ ತಾಲೂಕಿನ ಕಾಡುಮನೆ ಭಾಗದಲ್ಲಿ ಬೆಂಕಿ ಆರಿಸಲು ಹೋದ ಸಿಬ್ಬಂದಿ ಜ್ವಾಲೆಗೆ ಸಿಕ್ಕಿಬಿದ್ದರು. ಒಬ್ಬ ಗಾರ್ಡ್ ಸುಟ್ಟ ಗಾಯಗಳಿಂದ ತೀರಿಕೊಂಡರು. ಕಾಡುಮನೆಯ ಹೊಳೆ ಇಳಿದು ಬರುವುದು ಗುಂಡ್ಯದ ಕಡೆಗೆ, ಅಲ್ಲಿಂದ ಕುಮಾರಧಾರಾ, ಅಲ್ಲಿಂದ ತುಂಬೆ. ಸತ್ತದ್ದು ಮಂಗಳೂರಿನ ನೀರಿನ ಕಾಡಿನಲ್ಲಿ. ಹಾಸನ ಜಿಲ್ಲೆಯ ಸುದ್ದಿ ಎಂದು ನಗರ ಅದನ್ನು ಓದಿ ಪುಟ ತಿರುಗಿಸಿತು. ಕೆಲವೇ ದಿನಗಳಲ್ಲಿ, ಅದೇ ಜಲಾನಯನದ ಇನ್ನೊಂದು ಬದಿಯಲ್ಲಿ, ಕಡಬ ತಾಲೂಕಿನ ರೆಂಜಿಲಾಡಿಯಲ್ಲಿ ಕಾಡಾನೆ ಇಬ್ಬರನ್ನು ಕೊಂದಿತು. ಬೆಳಗ್ಗೆ ಕೆಲಸಕ್ಕೆ ಹೊರಟಿದ್ದ ಯುವತಿ ಮತ್ತು ಅವರನ್ನು ಉಳಿಸಲು ಓಡಿಬಂದ ನೆರೆಯವರು. ಸಾಕಾನೆಗಳನ್ನು ತಂದರು, ಆನೆ ಹಿಡಿದರು. ಸಾಗಿಸುವಾಗ, ಉಳಿದ ಆನೆಗಳನ್ನೂ ಹಿಡಿಯಿರಿ ಎಂದು ಜನ ಸಿಟ್ಟಿಗೆದ್ದು ಸರಕಾರಿ ಜೀಪುಗಳಿಗೆ ಕಲ್ಲು ಹೊಡೆದರು.

ಈ ಎರಡು ಘಟನೆಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಬೆಂಕಿಯ ತಿಂಗಳಲ್ಲೂ ಆನೆ ತೋಟಕ್ಕೆ ಇಳಿಯುವುದು ನಿಲ್ಲುವುದಿಲ್ಲ. ಎರಡಕ್ಕೂ ಇರುವುದು ಅದೇ ಗಾರ್ಡ್, ಅದೇ ವಾಚರ್. ಅಡಿಕೆ ತೋಟಕ್ಕೆ ಆನೆ ನುಗ್ಗಿದೆ ಎಂದು ರಾತ್ರಿ ಫೋನ್ ಬಂದರೆ ಹೋಗಲೇಬೇಕು, ಅಲ್ಲಿ ಮನುಷ್ಯರ ಜೀವ ಇದೆ. ರಾತ್ರಿ ಪಟಾಕಿ ಹೊಡೆದು ಆನೆ ಅಟ್ಟಿದವರು ಬೆಳಗ್ಗೆ ಗುಡ್ಡ ಹತ್ತಿ ಬೆಂಕಿ ನೋಡಬೇಕು. ಹೀಗಿರುವಾಗ ಯಾವುದು ಬಿಟ್ಟುಹೋಗುತ್ತದೆ? ಯಾರೂ ದೂರು ಕೊಡದ ಕೆಲಸ. ಒರತೆಯ ಸುತ್ತಿನ ಕಾಡಿಗೆ ದೂರು ಕೊಡಲು ಬಾಯಿ ಇಲ್ಲ.

ಇನ್ನೊಂದು ಕಾರಣವೂ ಇದೆ. ಇಲಾಖೆಯ ಲೆಕ್ಕದಲ್ಲಿ ಎಣಿಸುವುದು ಎಷ್ಟು ಕೇಸು ಹಾಕಿದಿರಿ, ಎಷ್ಟು ಮರ ಹಿಡಿದಿರಿ, ಎಷ್ಟು ಬೆಳೆ ಪರಿಹಾರ ಕೊಟ್ಟಿರಿ, ಎಷ್ಟು ಹೆಕ್ಟೇರ್ ಸುಟ್ಟಿತು ಎಂಬುದನ್ನು. ನಿಮ್ಮ ಬೀಟಿನ ಹೊಳೆಯಲ್ಲಿ ಏಪ್ರಿಲ್‌ನಲ್ಲಿ ಎಷ್ಟು ನೀರಿತ್ತು ಎಂದು ಯಾರೂ ಕೇಳುವುದಿಲ್ಲ. ನೇತ್ರಾವತಿಯ ಹರಿವನ್ನು ಕೇಂದ್ರ ಜಲ ಆಯೋಗ ಬಂಟ್ವಾಳದಲ್ಲಿ ಅಳೆಯುತ್ತದೆ. ಅಷ್ಟರಲ್ಲಿ ಎಲ್ಲ ಹೊಳೆಗಳೂ ಬೆರೆತು, ತೋಟದ ಪಂಪುಗಳು ಎಳೆದುಕೊಂಡು, ಅಣೆಕಟ್ಟುಗಳು ತಡೆದು ಆಗಿರುತ್ತದೆ. ಬೇಸಿಗೆಯಲ್ಲಿ ಯಾವ ಕಣಿವೆ ನೀರು ಕೊಟ್ಟಿತು, ಯಾವುದು ಕೈಕೊಟ್ಟಿತು ಎಂದು ಅದರಿಂದ ಹೇಳಲಾಗದು. ವಾಚರ್‌ಗೆ ಕೇಳಿದರೆ ಹೇಳುತ್ತಾರೆ. ಈ ಗುಂಡಿ ಮೊದಲು ಬತ್ತುತ್ತಿರಲಿಲ್ಲ, ಈಗ ಬತ್ತುತ್ತದೆ ಎಂದು. ಅದನ್ನು ಬರೆದಿಡಲು ಫಾರಂ ಇಲ್ಲ.

ಗಾರ್ಡ್‌ನ ಕೈಗೆ ಸಿಗದ ಸಂಗತಿಗಳೂ ಇವೆ, ಅವು ದೊಡ್ಡವು. ಮುಳಿಹುಲ್ಲು ಕೊಯ್ದವನನ್ನು ಅವನು ತಡೆಯಬಹುದು. ಎತ್ತಿನಹೊಳೆ ಯೋಜನೆಯನ್ನು ತಡೆಯಲಾರ. ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳದ ನೀರನ್ನು ಎತ್ತಿ ಪೂರ್ವಕ್ಕೆ, ಕೋಲಾರದ ಕಡೆಗೆ ಹರಿಸುವ, 24.01 ಟಿಎಂಸಿಯ ಆ ಯೋಜನೆಯ ಅಂದಾಜು 2023ಕ್ಕೆ 23,251 ಕೋಟಿ ರೂಪಾಯಿ ತಲುಪಿತ್ತು. 2024ರ ಸೆಪ್ಟೆಂಬರ್ 6ರಂದು ಮೊದಲ ಹಂತ ಉದ್ಘಾಟನೆಯೂ ಆಯಿತು. ಮಳೆಗಾಲದ ನೀರು ಮಾತ್ರ ತೆಗೆಯುತ್ತೇವೆ ಎಂದು ಸರಕಾರ ಹೇಳುತ್ತದೆ. ಕಾಡಿನ ಇಳಿಜಾರಿನಲ್ಲಿ ಪೈಪಿಗಾಗಿ ಕಡಿದ ಗುಡ್ಡಕ್ಕೆ ಮಳೆಗಾಲ, ಬೇಸಿಗೆ ಎಂಬ ಭೇದ ಇಲ್ಲವಲ್ಲ ಎಂದು ಕರಾವಳಿಯ ವಿರೋಧಿಗಳು ಕೇಳುತ್ತಾರೆ. ನಾನು ಈ ಎರಡನೆಯವರ ಕಡೆ. ಕೋಲಾರಕ್ಕೆ ನೀರು ಬೇಡವೆಂದು ಅಲ್ಲ. ನೀರು ಹುಟ್ಟುವ ಕಾಡನ್ನು ಕಾಯುವುದಕ್ಕೆ 3 ರೂಪಾಯಿ ಕೇಳಿದರೆ ಗದ್ದಲ ಎಬ್ಬಿಸುವವರು, ಅದೇ ಕಾಡಿನಿಂದ ನೀರು ಎತ್ತಲು ಇಷ್ಟು ಸಾವಿರ ಕೋಟಿ ಹೋದಾಗ ತಲೆ ಕೆಡಿಸಿಕೊಳ್ಳುವುದಿಲ್ಲ. ಆ ಅಳತೆ ನನಗೆ ಅರ್ಥವಾಗುವುದಿಲ್ಲ.

ದೊಡ್ಡದನ್ನು ಎದುರಿಸಿದ ಒಬ್ಬ ರೇಂಜರ್ ಇದ್ದರು. ಕೆ.ಎಂ. ಚಿಣ್ಣಪ್ಪ. ನಾಗರಹೊಳೆಯಲ್ಲಿ ಕಾಡು ಕಾಯ್ದವರು. ಇಲಾಖೆ ಬಿಟ್ಟ ಮೇಲೆ ಅವರು ಕುದುರೆಮುಖದ ಕಬ್ಬಿಣದ ಗಣಿಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಕುದುರೆಮುಖವನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದ್ದು 1987ರಲ್ಲಿ. ಒಳಗೆ ಗಣಿ ನಡೆದೇ ಇತ್ತು. 2002ರಲ್ಲಿ ಬಂದ ತೀರ್ಪು 2005ರ ಕೊನೆಗೆ ಗಣಿ ನಿಲ್ಲಬೇಕು ಎಂದಿತು, ನಿಂತಿತು. ಗಣಿಯ ಕೆಂಪು ಮಣ್ಣು ಮುಖ್ಯವಾಗಿ ಭದ್ರೆಗೆ ಹೋಗುತ್ತಿತ್ತು, ನೇತ್ರಾವತಿಗಲ್ಲ. ಆದರೂ ಅದೇ ಶ್ರೇಣಿಯ ಬೆನ್ನು. 2024ರ ಫೆಬ್ರವರಿಯಲ್ಲಿ ಚಿಣ್ಣಪ್ಪ ತೀರಿಕೊಂಡರು. ಕೆಲಸದಲ್ಲಿರುವ ಗಾರ್ಡ್ ಇಂಥದ್ದು ಮಾಡಲಾರ, ಮಾಡಿದರೆ ಮರುದಿನ ಅಲ್ಲಿ ಇರುವುದಿಲ್ಲ.

ಇನ್ನು ಕಾಡಿನೊಳಗೇ ಇರುವ ಜನರ ವಿಷಯ. ಎಳನೀರಿನವರನ್ನು ತೆಗೆದುಕೊಳ್ಳಿ. ಊರು ಬೆಳ್ತಂಗಡಿ ತಾಲೂಕಿನ ಮಲವಂತಿಗೆ ಗ್ರಾಮಕ್ಕೆ ಸೇರಿದ್ದು. ಗುಡ್ಡದ ಕೆಳಗೆ ದಿಡುಪೆ ಕಾಣುವಷ್ಟು ಹತ್ತಿರ. ಆದರೆ ನಡುವೆ ರಾಷ್ಟ್ರೀಯ ಉದ್ಯಾನ, ಸರಿಯಾದ ರಸ್ತೆ ಇಲ್ಲ. ತಾಲೂಕು ಕಚೇರಿಗೆ ಹೋಗಬೇಕಾದರೆ ಪಕ್ಕದ ಜಿಲ್ಲೆ ಸುತ್ತಿ ಬರಬೇಕು. ದಿಡುಪೆ–ಎಳನೀರು ರಸ್ತೆ ಮಾಡಿಕೊಡಿ ಎಂದು ಅವರು ವರ್ಷಾನುಗಟ್ಟಲೆ ಕೇಳುತ್ತಿದ್ದಾರೆ. ಆಗದು ಎಂದು ಹೇಳುವುದು ದೂರದ ಯಾವುದೋ ಕಾನೂನು. ಅವರ ಕಣ್ಣಿಗೆ ಕಾಣುವುದು ಗೇಟಿನಲ್ಲಿ ನಿಂತ ಗಾರ್ಡ್. ಹೆರಿಗೆ ನೋವಿನವಳನ್ನು ಹೊತ್ತು ಇಳಿಸಬೇಕಾದ ಮನೆಯವರಿಗೆ ಮಂಗಳೂರಿನ ನೀರಿನ ಮಹತ್ವ ವಿವರಿಸಲು ಯಾರಿಗೆ ಬಾಯಿ ಬರುತ್ತದೆ? ಆ ರಸ್ತೆಯ ವಿಷಯದಲ್ಲಿ ನನ್ನ ಹತ್ತಿರವೂ ಸುಲಭದ ಉತ್ತರ ಇಲ್ಲ. ಆದರೆ ನಗರದ ನೀರಿಗಾಗಿ ಅವರು ರಸ್ತೆ ಬಿಟ್ಟುಕೊಟ್ಟಿದ್ದಾರೆ ಎನ್ನುವುದು ನಿಜವಾದರೆ, ನಗರ ಅವರಿಗೆ ಏನಾದರೂ ಕೊಡಬೇಕು ಎನ್ನುವುದೂ ನಿಜ. ಒಂದು ಆ್ಯಂಬುಲೆನ್ಸ್ ಜೀಪಾದರೂ.

ಕಾಡಿನವರನ್ನು ಎದುರು ಹಾಕಿಕೊಂಡರೆ ಏನಾಗುತ್ತದೆ ಎಂಬುದನ್ನು ಈ ಜಿಲ್ಲೆಗಳು ಒಮ್ಮೆ ನೋಡಿವೆ. ಉದ್ಯಾನದಿಂದ ಒಕ್ಕಲೆಬ್ಬಿಸುತ್ತಾರೆ ಎಂಬ ಭಯದ ಬೆನ್ನಲ್ಲೇ ನಕ್ಸಲರು ಇಲ್ಲಿ ನೆಲೆ ಕಂಡರು. 2003ರಲ್ಲಿ ಕಾರ್ಕಳದ ಈದುವಿನಲ್ಲಿ ಎನ್‌ಕೌಂಟರ್ ಆಯಿತು. 2024ರ ನವೆಂಬರ್‌ನಲ್ಲಿ ಹೆಬ್ರಿ ಹತ್ತಿರದ ಕಬ್ಬಿನಾಲೆಯಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಪೊಲೀಸರ ಗುಂಡಿಗೆ ಬಲಿಯಾದ. 2025ರ ಜನವರಿಯಲ್ಲಿ ಆರು ಜನ ನಕ್ಸಲರು ಶರಣಾದರು. ಈ ಇಪ್ಪತ್ತು ವರ್ಷ ಕಾಡಿನ ಜನರಿಗೆ ಎರಡೂ ಕಡೆಯಿಂದ ಕಷ್ಟ. ಬರಿಗೈಯಲ್ಲಿ ಕಾಡಿಗೆ ಹೋಗುವ ವಾಚರ್‌ಗೂ ಅಷ್ಟೇ.

ಚಾರಣಿಗರ ಕಾಟ ಹೊಸದು. 2024ರ ಜನವರಿ ಕೊನೆಯ ವಾರಾಂತ್ಯದಲ್ಲಿ ಕುಮಾರಪರ್ವತದ ದಾರಿಯಲ್ಲಿ ಜಾತ್ರೆಯ ಹಾಗೆ ಜನ ಸೇರಿದ ವಿಡಿಯೊ ಎಲ್ಲರೂ ನೋಡಿದರು. ಕುಮಾರಧಾರೆ ಹುಟ್ಟುವ ಜಾಗ ಅದು. ಆಮೇಲೆ ಆನ್‌ಲೈನ್ ಬುಕಿಂಗ್ ಬಂತು, ದಿನಕ್ಕೆ 300 ಜನ ಎಂಬ ಮಿತಿ ಬಂತು. ಒಳ್ಳೆಯದಾಯಿತು. ಬ್ಯಾಗ್ ಬಿಚ್ಚಿಸಿ ಪ್ಲಾಸ್ಟಿಕ್ ನೋಡುವ ಕೆಲಸ ಮತ್ತೆ ಅದೇ ಸಿಬ್ಬಂದಿಗೆ.

ಬೇರೆ ಕಡೆ ಇದನ್ನು ಹೇಗೆ ಮಾಡಿದ್ದಾರೆ? ಅಮೆರಿಕದ ಸಿಯಾಟಲ್ ನಗರ ತನ್ನ ನೀರು ಬರುವ ಸೀಡರ್ ನದಿಯ ಮೇಲ್ಭಾಗದ ಕಾಡನ್ನೇ ಕೊಂಡುಕೊಂಡಿದೆ. 90,000 ಎಕರೆಗಿಂತ ಹೆಚ್ಚು. ಜನರಿಗೆ ಒಳಗೆ ಪ್ರವೇಶ ಇಲ್ಲ, ನಗರದ್ದೇ ಕಾವಲು. ಅಲ್ಲಿನ ನೀರು ಎಷ್ಟು ಶುದ್ಧ ಎಂದರೆ ಸೋಸುವ ಘಟಕವೇ ಇಲ್ಲದೆ, ಓಜೋನ್ ಮತ್ತು ಯುವಿ (ನೇರಳಾತೀತ) ಕಿರಣಗಳಿಂದ ಶುದ್ಧೀಕರಿಸಿ ಕೊಡುತ್ತಾರೆ. ಕೇಳಲು ಚಂದ. ನಮ್ಮಲ್ಲಿ ನಡೆಯುವುದಿಲ್ಲ. ಘಟ್ಟದಲ್ಲಿ ಶತಮಾನಗಳಿಂದ ಜನ ಇದ್ದಾರೆ, ಗದ್ದೆ ಇದೆ, ದನ ಇದೆ, ದೈವದ ಬನ ಇದೆ, ಎಸ್ಟೇಟ್ ಇದೆ. ಬೇಲಿ ಹಾಕುವ ಆಲೋಚನೆ ಇಲ್ಲಿ ಒಮ್ಮೆ ಕೆಟ್ಟಾಗಿದೆ.

ನಮಗೆ ಹತ್ತಿರದ ಮಾದರಿ ಹಿಮಾಚಲದ ಪಾಲಂಪುರ. ಆ ಊರಿಗೆ ನೀರು ಕೊಡುವ ಬೋಹಲ್ ಒರತೆಯ ಮೇಲಿನ ಕಾಡಿನಲ್ಲಿ ಹಳ್ಳಿಗಳಿವೆ. 2010ರಲ್ಲಿ ಪುರಸಭೆ ಆ ಹಳ್ಳಿಗಳ ಜೊತೆ ಒಪ್ಪಂದ ಮಾಡಿಕೊಂಡಿತು. ನೀವು ಕಾಡು ನೋಡಿಕೊಳ್ಳಿ, ನಾವು ವರ್ಷಕ್ಕೆ ಇಷ್ಟು ಕೊಡುತ್ತೇವೆ ಎಂದು. ಮೊತ್ತ ಬಹಳ ಸಣ್ಣದು, ವರ್ಷಕ್ಕೆ 10,000 ರೂಪಾಯಿ. ಮೊತ್ತ ನೋಡಿ ನಗುವುದು ಬೇಡ. ಕೆಳಗಿನ ಊರು ಮೇಲಿನ ಊರಿಗೆ ಬಾಕಿ ಇದೆ ಎಂದು ಕಾಗದದಲ್ಲಿ ಒಪ್ಪಿಕೊಂಡಿತಲ್ಲ, ಅದು ದೊಡ್ಡದು.

ಈಗ ಹಸಿರು ಸೆಸ್‌ನ ಲೆಕ್ಕ ಹಾಕಿ ನೋಡೋಣ. ಮಂಗಳೂರಿನಲ್ಲಿ 1 ಲಕ್ಷ ನೀರಿನ ಸಂಪರ್ಕ ಇದೆ ಎಂದು ಸುಮ್ನೆ ಇಟ್ಟುಕೊಳ್ಳಿ. ತಿಂಗಳಿಗೆ 3 ರೂಪಾಯಿ ಅಂದರೆ ವರ್ಷಕ್ಕೆ 36 ಲಕ್ಷ. ಸರಕಾರದ ಕಣ್ಣಿಗೆ ಇದು ಚಿಲ್ಲರೆ. ಒಬ್ಬ ಬೆಂಕಿ ವಾಚರ್‌ಗೆ ತಿಂಗಳಿಗೆ 15,000 ಎಂದು ಹಿಡಿದರೆ ಜನವರಿಯಿಂದ ಮೇ ತನಕ 75,000. 36 ಲಕ್ಷದಲ್ಲಿ 48 ಜನರನ್ನು ಐದು ತಿಂಗಳು ಇಟ್ಟುಕೊಳ್ಳಬಹುದು. ಬೆಳ್ತಂಗಡಿ, ಉಪ್ಪಿನಂಗಡಿ, ಸುಬ್ರಹ್ಮಣ್ಯ ವಲಯಗಳ ಮೇಲಿನ ಗುಡ್ಡಗಳಿಗೆ 48 ಜೋಡಿ ಕಾಲು ಜಾಸ್ತಿಯಾದರೆ ಅದು ಚಿಲ್ಲರೆ ಅಲ್ಲ. ಆದರೆ ಅದೇ 36 ಲಕ್ಷ ಬೆಂಗಳೂರಿನ ಖಜಾನೆಗೆ ಹೋಗಿ ಘಟ್ಟ ಅಭಿವೃದ್ಧಿ ಎಂಬ ಹೆಸರಿನಲ್ಲಿ ವಾಪಸು ಬಂದರೆ, ಯಾವುದೋ ತಿರುವಿನಲ್ಲಿ ಕಾಂಕ್ರೀಟಿನ ವ್ಯೂ ಪಾಯಿಂಟ್ ಎದ್ದೀತು. ಸೆಸ್ಸಿಗೆ ನನ್ನ ತಕರಾರು ಇರುವುದು ಇಷ್ಟಕ್ಕೇ. ಮೂರು ರೂಪಾಯಿಗೆ ಅಲ್ಲ.

ಉಡುಪಿಯ ಕಥೆ ಸ್ವಲ್ಪ ಬೇರೆ. ಅಲ್ಲಿಗೆ ನೀರು ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಿಂದ. ಸ್ವರ್ಣಾ ಸಣ್ಣ ನದಿ, ಕಾರ್ಕಳದ ಮೇಲಿನ ಘಟ್ಟದಿಂದ ಇಳಿದು ಬೇಗ ಸಮುದ್ರ ಸೇರುತ್ತದೆ. 2019ರ ಮೇ ತಿಂಗಳಲ್ಲಿ ಬಜೆ ಬತ್ತಿ, ನದಿಪಾತ್ರದ ಗುಂಡಿಗಳಲ್ಲಿ ನಿಂತ ನೀರನ್ನು ಪಂಪಿನಿಂದ ಅಣೆಕಟ್ಟಿಗೆ ಎತ್ತಿ ನಗರಕ್ಕೆ ಕೊಡಬೇಕಾಯಿತು. ಅದಕ್ಕೆ ಕಂಡುಕೊಂಡ ಪರಿಹಾರ ವಾರಾಹಿಯಿಂದ ಪೈಪಿನಲ್ಲಿ ನೀರು ತರುವುದು. ವಾರಾಹಿಯಲ್ಲಿ ವಿದ್ಯುತ್ ಉತ್ಪಾದನೆಗೆ ಬಿಡುವ ನೀರು ಬೇಸಿಗೆಯಲ್ಲೂ ಇರುತ್ತದೆ, ಹಾಗಾಗಿ ಯೋಜನೆ ತಪ್ಪೇನಲ್ಲ. ಒಂದೇ ಅಪಾಯ: ದೂರದ ನದಿಯಿಂದ ಪೈಪು ಬಂದ ಮೇಲೆ ಹತ್ತಿರದ ನದಿಯ ಕಾಡು ಯಾರಿಗೂ ಬೇಡವಾಗುತ್ತದೆ. ಕಾರ್ಕಳದಲ್ಲೇ ಕುದುರೆಮುಖ ವನ್ಯಜೀವಿ ವಿಭಾಗದ ಮುಖ್ಯ ಕಚೇರಿ ಇದೆ. ಉಡುಪಿ ನಗರಸಭೆಯವರು ವರ್ಷಕ್ಕೊಮ್ಮೆ, ನೀರಿನ ಗಲಾಟೆ ಇಲ್ಲದ ಅಕ್ಟೋಬರ್‌ನಲ್ಲಿ, ಅಲ್ಲಿಗೆ ಹೋಗಿ ಸ್ವರ್ಣೆಯ ಕಾಡಿನ ಬಗ್ಗೆ ಮಾತಾಡಿದರೆ ಖರ್ಚು ಪೆಟ್ರೋಲಿನದ್ದು ಮಾತ್ರ.

ಮಂಗಳೂರಿನಲ್ಲಿ ಪಾಲಿಕೆ ಸರಕಾರದ ಸೆಸ್ಸಿಗೆ ಕಾಯಬೇಕು ಎಂದೇನೂ ಇಲ್ಲ. ಬಜೆಟ್‌ನಲ್ಲಿ ನೀರು ಸರಬರಾಜಿನ ತಲೆಬರಹದಡಿ ಪಂಪು, ಪೈಪು, ಹೂಳು ಎಂದು ಸಾಲುಗಳಿವೆ. ಅದರ ಕೆಳಗೆ ಜಲಾನಯನ ಕಾವಲು ಎಂದು ಒಂದು ಸಾಲು ಸೇರಿಸಿ, ಅರಣ್ಯ ಇಲಾಖೆಯ ಜೊತೆ ಒಪ್ಪಂದಕ್ಕೆ ಸಹಿ ಹಾಕಲು ಏನು ಬೇಕು ಎಂದು ಸರಕಾರವನ್ನೇ ಕೇಳಬಹುದು. ಮೂರು ಷರತ್ತು ಹಾಕಿದರೆ ಸಾಕು. ಹಣ ಹೋಗಬೇಕಾದದ್ದು ಗಾರ್ಡ್ ಮತ್ತು ವಾಚರ್ ಮಟ್ಟಕ್ಕೆ. ತೆಗೆದುಕೊಳ್ಳುವ ಜನ ಆಯಾ ಗ್ರಾಮದವರೇ ಆಗಿರಬೇಕು. ಜೂನ್ ಬಂದ ಕೂಡಲೇ ಅವರನ್ನು ಮನೆಗೆ ಕಳಿಸುವಂತಿಲ್ಲ. ಮಳೆಗಾಲದಲ್ಲಿ ಗುಡ್ಡ ಬಿರುಕು ಬಿಟ್ಟಿದೆಯೇ ಎಂದು ನೋಡುವವರು ಬೇಕು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಬದಿಯ ಗುಡ್ಡಗಳು ಕುಸಿದು ಮೃತ್ಯುಂಜಯ ಹೊಳೆ ಕಲ್ಲು, ಮಣ್ಣು, ಮರ ಹೊತ್ತು ತೋಟಗಳಿಗೆ ನುಗ್ಗಿದಾಗ ಮೇಲಿನಿಂದ ಸುದ್ದಿ ಕೊಡುವವರು ಇರಲಿಲ್ಲ. ಮಳೆ ನಿಂತ ಮೇಲೆ, ಡಿಸೆಂಬರ್‌ನಿಂದ, ಪ್ರತಿ ಬೀಟಿನ ಹೊಳೆಗೆ ಒಂದು ಅಳತೆಕೋಲು ನೆಟ್ಟು ವಾರಕ್ಕೊಮ್ಮೆ ಅದರ ಅಂಕಿ ಬರೆಯುವುದು ಅದೇ ಜನರ ಕೆಲಸವಾಗಲಿ. ಆ ಅಂಕಿ ತುಂಬೆಯ ಎಂಜಿನಿಯರಿಗೆ ಹೋದರೆ, ನೀರಿನ ರೇಷನಿಂಗ್ ಯಾವಾಗ ಶುರು ಮಾಡಬೇಕು ಎಂದು ಏಪ್ರಿಲ್ ಕೊನೆಗೆ ಗಾಬರಿಯಾಗುವ ಬದಲು ಫೆಬ್ರವರಿಯಲ್ಲೇ ಅಂದಾಜು ಸಿಗುತ್ತದೆ. ಮೊದಲ ವರ್ಷಕ್ಕೆ ನಾಲ್ಕೂ ಜಿಲ್ಲೆ ಬೇಡ. ದಿಡುಪೆ, ಶಿಶಿಲ, ಗುಂಡ್ಯ ಈ ಮೂರು ಕಡೆ ಶುರು ಮಾಡಬಹುದು.